ಇಳಿವಯಸ್ಸಿನ ಅಕ್ಷರಾಭ್ಯಾಸ

ಕಳೆದ ಮಾಘಮಾಸದ ಒಂದು ಅಪರಾಹ್ಣ, ಬಿಷ್ಟಪ್ಪಯ್ಯನ ಗೋಪುರದ ನೆರಳು ಹಂಪೆಯ ರಥಬೀದಿಯ ಮೇಲೆ ನೀಳವಾಗಿ ಚಾಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಹನ್ನೆರಡು ಹದಿಮೂರರ ಪ್ರಾಯದ ಹುಡುಗನೊಬ್ಬ, ಕೈಯಲ್ಲಿ ಭೂಪಟಗಳ ಕಟ್ಟನ್ನು ಹಿಡಿದು, ತಲೆ ಪೂರ್ತಿ ನರೆತ ಪರದೇಶದ ಮಹಿಳೆಯೊಬ್ಬರ ಬೆನ್ನು ಹತ್ತಿ ನಡೆಯುತ್ತ, ಅವರ ಬಾಯಿಂದ ಬಿದ್ದ ಒಂದೆರಡು ಶಬ್ದಗಳಿಂದಲೇ ಅವರ ದೇಶವನ್ನು ಊಹಿಸಿ, ಅಚ್ಚ ಫ್ರೆಂಚಿನಲ್ಲಿ ಬೆಲೆ ಹೇಳಿದ್ದನ್ನು ಕೇಳಿ ನಾನು ನಿಂತಲ್ಲೇ ನಿಂತೆ. ನನಗಾದದ್ದು ಆಶ್ಚರ್ಯವೆಂದರೆ ಅರ್ಧಸತ್ಯ, ಉಳಿದರ್ಧ ಮತ್ಸರ. ಏಕೆಂದರೆ ಅದೇ ಭಾಷೆಯ ಅದೇ ಹತ್ತು ವಾಕ್ಯಗಳನ್ನು ಗಂಟಲಿಗೆ ಒಗ್ಗಿಸಿಕೊಳ್ಳುವುದಕ್ಕಾಗಿ ನಾನು ಅರುವತ್ತಮೂರನೆಯ ವಯಸ್ಸಿನಲ್ಲಿ ಸಮುದ್ರ ದಾಟಿ, ಮೂರು ತಿಂಗಳ ಕಾಲ, ದುಡ್ಡು ಕೊಟ್ಟು ಬೆಂಚಿನ ಮೇಲೆ ಕುಳಿತು ಬಂದವನು.

ಆ ಕಥೆಯನ್ನು ಮೊದಲು ಹೇಳಬೇಕು. ನಿವೃತ್ತಿಯ ತರುವಾಯ ಮಗನ ಮನೆಯಲ್ಲಿ ಕೆಲಕಾಲ ಇರಲೆಂದು ಫ್ರಾನ್ಸಿನ ದಕ್ಷಿಣಕ್ಕೆ, ವಿಮಾನಗಳನ್ನು ಕಟ್ಟುವ ತುಲೂಸ್ ನಗರಕ್ಕೆ ಹೋದವನು, ಮೊದಲ ಹದಿನೈದು ದಿವಸಗಳನ್ನು ಅಲ್ಲಿಗೆ ಹೋಗುವ ನಮ್ಮ ಬಹುಪಾಲು ಹಿರಿಯರಂತೆಯೇ ಕಿಟಕಿಯ ಬಳಿ ಕಳೆದೆ. ಮಗನೂ ಸೊಸೆಯೂ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಮುದುಕನಿಗೆ ಉಳಿದದ್ದು ಬೀದಿಯನ್ನು ನೋಡುವ ಉದ್ಯೋಗ. ಕಡೆಗೆ ಸೊಸೆಯೇ ಬೇಸತ್ತು, ಹಿರಿಯರಿಗಾಗಿ ನಡೆಯುತ್ತಿದ್ದ ಒಂದು ಭಾಷಾವರ್ಗಕ್ಕೆ ನನ್ನ ಹೆಸರು ಬರೆಸಿ ಬಂದಳು. ಆ ದೇಶದಲ್ಲಿ ಇದೊಂದು ಬೇರುಬಿಟ್ಟ ಪದ್ಧತಿ: ತಮ್ಮ ಭಾಷೆಯನ್ನು ಪರದೇಶಿಯರಿಗೆ ಕಲಿಸುವುದಕ್ಕೆಂದೇ 1883ರಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡ ಜನ ಅವರು, ವಿಶಿಯಂಥ ಸಣ್ಣ ಊರುಗಳು ಕೂಡ ಬುಗ್ಗೆಯ ನೀರಿಗೆ ಎಷ್ಟೋ ಅಷ್ಟೇ ಭಾಷಾಪಾಠಕ್ಕೂ ಹೆಸರಾಗಿವೆ. ಬೆಳಗ್ಗೆ ಪಾಠ, ಮಧ್ಯಾಹ್ನ ಊರು ನೋಡುವುದು. ಪಾಠದಲ್ಲಿ ಕಲಿತ ಮಾತನ್ನೇ ಊರಿನಲ್ಲಿ ಖರ್ಚು ಮಾಡತಕ್ಕದ್ದು ಎಂಬುದು ಅದರ ಕ್ರಮ.

ನನ್ನ ಸಹಪಾಠಿಗಳಲ್ಲಿ ಜಪಾನಿನ ಅಜ್ಜಿಯೊಬ್ಬರಿದ್ದರು, ಸ್ಪೇನಿನಲ್ಲಿ ರೈಲ್ವೆ ನೌಕರಿ ಮಾಡಿ ಮುಗಿಸಿದ ದಢೂತಿ ಮನುಷ್ಯನೊಬ್ಬನಿದ್ದ. ಆ ಅಜ್ಜಿಗೆ ಎಂಬತ್ತು ವರುಷ. ಫ್ರೆಂಚರು ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆಂದು ತಿಳಿದ ದಿನ, ತಾನು ನಾಲ್ಕು ಜನ ತರುಣಿಯರ ಮೊತ್ತವೆಂದು ಸಂತೋಷಪಟ್ಟಿದ್ದರು. ನಾನು ಮಾತ್ರ ಒಂದು ಸ್ವರದಲ್ಲಿ ಸೋತೆ. ಉಕಾರಕ್ಕೆ ಅಣಿಯಾದ ತುಟಿಯಿಂದ ಇಕಾರವನ್ನು ಹೊರಡಿಸಿದರೆ ಹುಟ್ಟುವ ಆ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಸ್ಥಾನವಿಲ್ಲ. ಅದೊಂದು ತಪ್ಪಿದರೆ ಆ ಭಾಷೆಯಲ್ಲಿ ‘ಮೇಲೆ’ ಎಂಬುದೇ ‘ಕೆಳಗೆ’ ಎಂದಾಗಿಬಿಡುತ್ತದೆ. ಗ್ರಂಥಾಲಯದಲ್ಲಿ ಪುಸ್ತಕ ಮೇಲಿದೆಯೆಂದು ಹೇಳಿದ್ದನ್ನು ಕೆಳಗಿದೆಯೆಂದು ಗ್ರಹಿಸಿ, ನೆಲಮಾಳಿಗೆಗಿಳಿದು, ಕಸಪೊರಕೆಗಳ ನಡುವೆ ಕಾಲು ಗಂಟೆ ಹುಡುಕಿ ಬಂದವನು ನಾನು. ಆದರೆ ಆ ಎರಡು ಶಬ್ದಗಳನ್ನು ಈಗ ಮರೆಯೆಂದರೂ ಮರೆಯಲಾರೆ. ಪುಸ್ತಕದಿಂದ ಉರುಹೊಡೆದದ್ದೆಲ್ಲ ಬೆಂಗಳೂರಿನಲ್ಲಿ ವಿಮಾನವಿಳಿಯುವುದರೊಳಗೆ ಹಾರಿಹೋಗಿತ್ತು. ಗಾರಾನ್ ನದಿಯ ಸೇತುವೆಯ ಮೇಲೆ, 1681ರಲ್ಲಿ ತೆರೆದ ದಕ್ಷಿಣದ ಮಹಾಕಾಲುವೆಯ ದಂಡೆಯಲ್ಲಿ, ಕೆಂಪಿಟ್ಟಿಗೆಯ ಸೇಂಟ್ ಸೆರ್ನಿನ್ ದೇವಾಲಯದ ಮುಂದೆ, ಒಂದೊಂದು ಸ್ಥಳದಲ್ಲಿ ಒಂದೊಂದು ಎಡವಟ್ಟಿನೊಡನೆ ಕಲಿತದ್ದು ಮಾತ್ರ ಉಳಿಯಿತು. ಮುಪ್ಪಿನಲ್ಲಿ ಸ್ಮರಣೆಗೆ ಶಬ್ದವನ್ನು ಬರಿಗೈಯಲ್ಲಿ ಹಿಡಿಯುವ ಶಕ್ತಿ ಕುಂದುತ್ತದೆ, ಗೂಟವೊಂದಿದ್ದರೆ ಕಟ್ಟಿಹಾಕುತ್ತದೆ. ಊರು ಆ ಗೂಟ.

ಹಂಪೆಯ ಆ ಹುಡುಗನಿಗೆ ಗೂಟದ ಅಗತ್ಯವಿರಲಿಲ್ಲ, ಹೊಟ್ಟೆಪಾಡೇ ಅವನ ಪಾಠಶಾಲೆ. ನಮ್ಮ ಹಂಪೆಯ ಜನ ಬಂದವರೆಲ್ಲರ ಭಾಷೆಯನ್ನೂ ಕಲಿತವರು. ಫ್ರೆಂಚ್, ಸ್ಪ್ಯಾನಿಷ್, ರಷ್ಯನ್ ಯಾವುದಕ್ಕೂ ನಾಚಿದವರಲ್ಲ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ, 2020ರಲ್ಲಿ ಅಲ್ಲಿನ ವಸತಿಗೃಹಗಳು ತೆರವಾಗುವವರೆಗೆ, ಹೀಬ್ರೂ ಅಕ್ಷರಗಳ ಫಲಕಗಳೂ ಇದ್ದುವು. ಇದನ್ನು ನಾನು ಹಳಿಯುತ್ತಿಲ್ಲ. ಆದರೆ ಇಷ್ಟೊಂದು ಭಾಷೆಗಳನ್ನು ಕೊಂಡ ಊರು ತನ್ನ ಭಾಷೆಯನ್ನು ಯಾರಿಗಾದರೂ ಕೊಟ್ಟಿತೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ವಿದ್ಯಾರಣ್ಯರ ಹೆಸರಿನ ನೆಲದಲ್ಲಿ, 1991ರಿಂದ ಕನ್ನಡಕ್ಕೇ ಮೀಸಲಾದ ವಿಶ್ವವಿದ್ಯಾಲಯವಿರುವಲ್ಲಿ, 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಕಲ್ಲುಗಳ ನಡುವೆ, ಸಾವಿರಾರು ಗಾವುದ ಹಾದು ಬಂದ ಅತಿಥಿ ಎರಡು ದಿನ ಬಿಸಿಲಿನಲ್ಲಿ ಅಲೆದು, ‘ನಮಸ್ತೆ’ ಎಂಬ ಒಂದೇ ಶಬ್ದವನ್ನು, ಅದೂ ನಾವು ನಮ್ಮ ಮನೆಗಳಲ್ಲಿ ಅಷ್ಟಾಗಿ ಬಳಸದ ಶಬ್ದವನ್ನು, ಕಲಿತು ಹಿಂದಿರುಗುತ್ತಾನೆ.

ಆ ನರೆತ ತಲೆಯ ಮಹಿಳೆಯನ್ನು ನಾನು ನನ್ನ ಮುರುಕು ಫ್ರೆಂಚಿನಲ್ಲಿ ಮಾತನಾಡಿಸಿದೆ. ನನ್ನಂತೆ ಅವರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಗೋಪುರದ ದೇವಾಲಯದೊಳಗೆ, ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನದ ಮುಂದೆ, ಇದರಲ್ಲಿ ಏನು ಬರೆದಿದೆಯೆಂದು ತಮ್ಮ ಮಾರ್ಗದರ್ಶಿಯನ್ನು ಕೇಳಿದರಂತೆ. ಆತ ‘ಹಳೆಯ ಭಾಷೆ’ ಎಂದು ಹೇಳಿ ಮುಂದಿನ ಕಂಬಕ್ಕೆ ನಡೆದನಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ಆಕ್ಷೇಪಣೆಯಲ್ಲ, ಪಾಠ ಅರ್ಧಕ್ಕೆ ನಿಂತ ವಿದ್ಯಾರ್ಥಿಯ ಹಸಿವು. ಆ ಹಸಿವಿನ ಪರಿಚಯ ನನಗಿತ್ತು.

ಮರುದಿನ ಬೆಳಗ್ಗೆ ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರಿಗೆ ಕನ್ನಡದ ಮೊದಲ ಪಾಠ. ವ್ಯಾಕರಣದ ಗೊಡವೆಗೆ ಹೋಗದೆ, ನನ್ನಾಕೆ ಅಡಿಗೆಮನೆಯಿಂದ ಒಗ್ಗರಣೆ ಡಬ್ಬಿಯನ್ನು ತಂದು ಮುಚ್ಚಳ ತೆಗೆದು ಅವರ ಮುಂದಿಟ್ಟಳು. ಅಂಗೈಯಲ್ಲಿ ನಾಲ್ಕು ಸಾಸಿವೆಕಾಳು; ಪಕ್ಕದಲ್ಲಿ ಒಂದು ಕಡಲೆಕಾಳು. ಅವರು ಬೆರಳಿನಿಂದ ಉರುಳಿಸಿ ಉರುಳಿಸಿ ಹೇಳಿ ಕಲಿತರು. ಮಧ್ಯಾಹ್ನ ಹೇಮಕೂಟದ ಇಳಿಜಾರಿನಲ್ಲಿ, ಆಳೆತ್ತರವನ್ನು ಮೀರಿದ ಏಕಶಿಲೆಯ ಮೂರ್ತಿಯ ಮುಂದೆ ನಿಲ್ಲಿಸಿ, ಇದು ಸಾಸಿವೆಕಾಳು ಗಣಪ, ಅದರಾಚೆ ಅದಕ್ಕಿಂತ ದೊಡ್ಡದು ಕಡಲೆಕಾಳು ಗಣಪ ಎಂದಾಗ, ಅವರು ಮೊದಲು ನನ್ನನ್ನೂ ಆಮೇಲೆ ತಮ್ಮ ಅಂಗೈಯನ್ನೂ ನೋಡಿಕೊಂಡು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ನಮ್ಮ ಜನಕ್ಕೆ ಪರ್ವತವನ್ನು ಕಾಳೆಂದು ಕರೆಯುವ ಸಲಿಗೆಯಿದೆಯೆಂಬುದು ಅವರಿಗೆ ಆ ಕ್ಷಣದಲ್ಲಿ ತಿಳಿಯಿತು. 1528ರ ನರಸಿಂಹನ ಪಕ್ಕದಲ್ಲಿ ನೀರೊಳಗೆ ನಿಂತ ಬಡವಿಲಿಂಗದಿಂದ ‘ಬಡವಿ’, ಕಮಲಾಪುರದ ದಾರಿಯ ಅಕ್ಕತಂಗಿಯರ ಗುಡ್ಡದಿಂದ ‘ಅಕ್ಕ’, ‘ತಂಗಿ’. ಇಂಗ್ಲಿಷಿನ ಫಲಕಗಳಲ್ಲಿ ಕಮಲದ ಮಹಲು, ರಾಣಿಯ ಸ್ನಾನಗೃಹ ಎಂದು ಯಾರೋ ಹಚ್ಚಿದ ಹೆಸರುಗಳನ್ನೇ ಓದಿಕೊಂಡು ಹೋಗುವವನಿಗೆ ಈ ಕುಟುಂಬದ ಮಾತು ಕೇಳಿಸುವುದೇ ಇಲ್ಲ.

ಮೂರನೆಯ ದಿನ ಹೊಳೆಯ ದಂಡೆಯಲ್ಲಿ ಕುಳಿತು ನಡೆಸಿದ ಪಾಠವನ್ನು ನಾನು ನನ್ನ ಮೂವತ್ತು ವರ್ಷಗಳ ಮೇಷ್ಟರಗಿರಿಯಲ್ಲಿಯೇ ಉತ್ತಮವಾದದ್ದೆಂದು ಭಾವಿಸುತ್ತೇನೆ. ಆತ್ಮಪ್ರಶಂಸೆಯನ್ನು ವಾಚಕರು ಕ್ಷಮಿಸಬೇಕು. ಪಂಪಾ ಎಂಬುದು ಈ ಹೊಳೆಯ, ಈ ದೇವಿಯ ಹಳೆಯ ಹೆಸರು; ಅದೇ ಹಂಪೆಯಾದದ್ದು. ಶಾಸನಗಳ ‘ಪಾಲ್’ ಇಂದಿನ ಹಾಲು, ‘ಪೂ’ ಹೂವು, ‘ಪುಲಿ’ ಹುಲಿ, ‘ಪೊನ್’ ಹೊನ್ನು. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾಗಿ ಸಡಿಲಿತೆಂಬ ಒಂದು ನಿಯಮವನ್ನು ಈ ಊರಿನ ಹೆಸರೇ ತನ್ನ ಮೊದಲ ಅಕ್ಷರದಲ್ಲಿ ಹೊತ್ತುಕೊಂಡಿದೆ. ಇಷ್ಟನ್ನು ಹೇಳಿ ಮುಗಿಸುವುದರೊಳಗೆ ಅವರು ತಮ್ಮ ಟಿಪ್ಪಣಿಪುಸ್ತಕದಲ್ಲಿ ಫ್ರೆಂಚಿನ ‘ಕಾಡು’, ‘ಕಿಟಕಿ’, ‘ಆಸ್ಪತ್ರೆ’ಗಳನ್ನು ಬರೆದು, ಮೂರರಲ್ಲಿಯೂ ಒಂದು ಸ್ವರದ ಮೇಲೆ ಕುಳಿತ ಪುಟ್ಟ ಟೋಪಿಯನ್ನು ತೋರಿಸಿದರು: ಅಲ್ಲಿ ಹಿಂದೆ ಸಕಾರವಿತ್ತು, ಅದು ಲೋಪವಾದ ಮೇಲೆ ಸಮಾಧಿಯ ಮೇಲಿನ ಕಲ್ಲಿನಂತೆ ಆ ಗುರುತನ್ನಿಟ್ಟರು ಎಂದರು. ಇಬ್ಬರು ಮುದಿ ಮೇಷ್ಟರುಗಳು ಚಕ್ರತೀರ್ಥದ ಬಂಡೆಯ ಮೇಲೆ ಕುಳಿತು ಸತ್ತ ವ್ಯಂಜನಗಳನ್ನು ಎಣಿಸುತ್ತಿದ್ದುದನ್ನು ನೋಡಿ ಹರಿಗೋಲಿನವನು ನಮ್ಮನ್ನು ಬಾಡಿಗೆಗೆ ಕರೆಯುವ ಆಸೆಯನ್ನೇ ಬಿಟ್ಟ.

ಅವರಿಗೆ ಒಲಿಯದೆ ಉಳಿದದ್ದು ಳಕಾರ. ನನಗೆ ಅವರ ಸ್ವರ ಹೇಗೋ, ಹಾಗೆ. ಆನೆಗೊಂದಿಯ ಸುತ್ತ ತಿರುಗಿ ಬಂದ ಸಂಜೆ ಕಮಲಾಪುರದ ಒಗ್ಗಾಣಿ-ಮಿರ್ಚಿಯ ಅಂಗಡಿಯಲ್ಲಿ ಅಂಗಡಿಯಾಕೆ, “ಎಲ್ಲಿಗೆ ಹೋಗಿದ್ರಿ ಅಮ್ಮಾರ?” ಎಂದು ಕೇಳಿದಾಗ, ಇವರು ಸಾವಧಾನವಾಗಿ, “ನಾನು ತುಂಬಾ ಹಲ್ಲಿ ನೋಡಿದೆ” ಎಂದರು. ಆಕೆ ಮಿರ್ಚಿಯನ್ನು ಬಾಣಲೆಯಿಂದ ಎತ್ತುತ್ತ, “ಗುಡಿ ಅಂದ ಮ್ಯಾಲೆ ಹಲ್ಲಿ ಇರ್ತಾವಲ್ರೀ!” ಎಂದು ಸಮಾಧಾನ ಹೇಳಿದಳು. ಹಳ್ಳಿಗಳನ್ನು ನೋಡಿ ಬಂದವರು ಹಲ್ಲಿಗಳಿಗೆ ತೃಪ್ತರಾಗಬೇಕಾಯಿತು.

ಎರಡು ದಿನಕ್ಕೆಂದು ಬಂದವರು ಹನ್ನೊಂದು ದಿನ ಉಳಿದರು. ನಾನು ಇಲ್ಲಿ ಹೇಳಹೊರಟ ಮಾತು ಆ ಒಂಬತ್ತು ಹೆಚ್ಚುವರಿ ದಿನಗಳಿಂದ ಹುಟ್ಟಿದ್ದು. ಪ್ರವಾಸಿಯನ್ನು ಹೇಗೆ ಹೆಚ್ಚು ಕಾಲ ಉಳಿಸಿಕೊಳ್ಳಬೇಕೆಂದು ನಮ್ಮ ಅಧಿಕಾರಿಗಳು ವರ್ಷವರ್ಷವೂ ಸಭೆ ಸೇರುತ್ತಾರೆ. ಬೆಳಕಿನ ಪ್ರದರ್ಶನ, ಹೆಲಿಕಾಪ್ಟರು, ಉತ್ಸವ ಎಲ್ಲವೂ ಚರ್ಚೆಗೆ ಬರುತ್ತವೆ. ಕನ್ನಡದ ಒಂದು ಕರಿಹಲಗೆ ಮಾತ್ರ ಬಂದದ್ದನ್ನು ನಾನರಿಯೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಅಧ್ಯಾಪಕರಿಗೆ ಹತ್ತು ತಿಂಗಳು ಕನ್ನಡ ಕಲಿಸುವ ಸುವ್ಯವಸ್ಥೆಯಿದೆ. ಅದು ಉದ್ಯೋಗದ ಕಲಿಕೆ, ಪರೀಕ್ಷೆಯ ಕಲಿಕೆ. ನಾನು ಕೇಳುವುದು ಪರೀಕ್ಷೆಯಿಲ್ಲದ್ದನ್ನು: ಕಾರ್ತಿಕದಿಂದ ಮಾಘದವರೆಗಿನ ತಂಪಿನ ತಿಂಗಳುಗಳಲ್ಲಿ, ಹತ್ತು ಹನ್ನೆರಡು ಜನರ ಒಂದು ಪಂಕ್ತಿಗೆ, ಬೆಳಗ್ಗೆ ಎರಡು ಗಂಟೆ ಪಾಠ, ಇಳಿಬಿಸಿಲಿನಲ್ಲಿ ಎರಡು ಗಂಟೆ ತಿರುಗಾಟ, ನಾಲ್ಕು ವಾರಗಳ ವಾಸ. ಮಾರ್ಗದರ್ಶನಕ್ಕೆ ಕನ್ನಡ ವಿಶ್ವವಿದ್ಯಾಲಯಕ್ಕಿಂತ ತಕ್ಕ ಜಾಗ ಲೋಕದಲ್ಲಿ ಇನ್ನೊಂದಿಲ್ಲ. ಕಲಿಸುವವರಿಗೂ ಕೊರತೆಯಿಲ್ಲ, ಹೊಸಪೇಟೆಯ ಯಾವ ಉದ್ಯಾನದ ಬೆಂಚಿನ ಮೇಲೆ ಕಲ್ಲೆಸೆದರೂ ನಿವೃತ್ತ ಮೇಷ್ಟರೊಬ್ಬರಿಗೆ ತಾಗುತ್ತದೆ.

ಕನ್ನಡ ಕಲಿತು ಆ ಮುದುಕರಿಗೆ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ನನ್ನ ಫ್ರೆಂಚಿನ ವಿಷಯದಲ್ಲಿಯೂ ಈ ಪ್ರಶ್ನೆಯನ್ನು ಬಂಧುಗಳು ಕೇಳಿದ್ದುಂಟು. ಪ್ರಯೋಜನವೆಂಬುದು ಇಪ್ಪತ್ತೈದರ ವಯಸ್ಸಿನ ಪ್ರಶ್ನೆ. ಅದಕ್ಕೆ ಆಗಲೇ ಉತ್ತರ ಕೊಟ್ಟು ಮುಗಿಸಿ, ಸಂಬಳ ಎಣಿಸಿ, ಮಕ್ಕಳನ್ನು ದಡ ಮುಟ್ಟಿಸಿದವನಿಗೆ ಮಾತ್ರ ನಿಷ್ಪ್ರಯೋಜಕವಾದದ್ದನ್ನು ಶ್ರದ್ಧೆಯಿಂದ ಕಲಿಯುವ ಅಧಿಕಾರ ಪ್ರಾಪ್ತವಾಗುತ್ತದೆ. ಹಾಗೆ ನೋಡಿದರೆ ಕನ್ನಡವೂ ಇಂಥವರಿಗೆ ಋಣಿ. ಇಪ್ಪತ್ತೊಂದರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ನಡುವೆ ಜರ್ಮನಿಗೆ ಹಿಂದಿರುಗಿದ್ದವರು, ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಬಂದದ್ದು ನಿಘಂಟಿಗಾಗಿ. ಅದು 1894ರಲ್ಲಿ ಅಚ್ಚಾದಾಗ ಅವರಿಗೆ ಅರುವತ್ತೆರಡು. ಫ್ರಾನ್ಸಿನಿಂದಲೇ ಬಂದ ಅಬೆ ದ್ಯುಬುವಾ ಎಂಬ ಪಾದ್ರಿ 1799ರ ತರುವಾಯ ಮೈಸೂರು ಸೀಮೆಯಲ್ಲಿ ನಮ್ಮವರಂತೆಯೇ ಉಟ್ಟು ಉಂಡು, ನಮ್ಮ ಆಚಾರಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದು, 1823ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದ. ಅವನ ತೀರ್ಪುಗಳೆಲ್ಲವನ್ನೂ ನಾನು ಒಪ್ಪುವವನಲ್ಲ, ಅವನ ಕಿವಿಯನ್ನು ಮಾತ್ರ ಮೆಚ್ಚುತ್ತೇನೆ. ಎದುರು ದಿಕ್ಕಿನಲ್ಲಿ ನಡೆದವರೂ ಇದ್ದಾರೆ: ಕನ್ನಡದ ಹೆಣ್ಣುಮಗಳಾದ ವಸುಂಧರಾ ಫಿಲಿಯೋಜಾ ಅವರು ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತ ತಮ್ಮ ಗ್ರಂಥವನ್ನು 1973ರಲ್ಲಿ ಪ್ರಕಟಿಸಿದ್ದು ಫ್ರೆಂಚಿನಲ್ಲಿ; ಮುಂದೆ ಪತಿ ಪಿಯೇರ್ ಸಿಲ್ವೆಯ್ನ್ ಫಿಲಿಯೋಜಾ ಅವರೊಡನೆ ವಿಠಲ ದೇವಾಲಯವನ್ನು ಕುರಿತು ಬರೆದರು. ಹಂಪೆಗೂ ಫ್ರೆಂಚಿಗೂ ಭೂಪಟ ಮಾರುವ ಹುಡುಗನೊಬ್ಬನೇ ಸಂಬಂಧಿಯಲ್ಲ.

ನಮ್ಮ ಹಿರಿಯರ ಕಡೆಗೂ ಒಂದು ಮಾತು. ಮಕ್ಕಳ ಮನೆಗೆಂದು ಪರದೇಶಕ್ಕೆ ಹೋದ ವೃದ್ಧರನ್ನು ಕುರಿತು ಕನ್ನಡದಲ್ಲಿ ಸಾಹಿತ್ಯವೇ ಇದೆ, ಎ. ಎನ್. ಮೂರ್ತಿರಾಯರು ತಮ್ಮ ಪ್ರವಾಸಕಥನಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು, ಗೊರೂರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಅವರು ಹೋದ ದೇಶದ ಭಾಷೆ ಅವರಿಗೆ ಮೊದಲೇ ಬರುತ್ತಿತ್ತು, ಆದ್ದರಿಂದ ಕಣ್ಣು ಕಿವಿ ಎರಡೂ ತೆರೆದಿದ್ದುವು. ಇಂದು ಜರ್ಮನಿಗೋ ಫ್ರಾನ್ಸಿಗೋ ಹೋಗುವ ನಮ್ಮವರಿಗೆ ಆ ಸೌಕರ್ಯವಿಲ್ಲ. ಆರು ತಿಂಗಳು ಕನ್ನಡ ಧಾರಾವಾಹಿಯನ್ನು ನೋಡಿ ಬರುವುದಕ್ಕೆ ಅಷ್ಟು ದೂರ ಹೋಗಬೇಕೆ?

ಹಂಪೆಯ ಪಾಠದ ಈ ಯೋಜನೆಗೆ ನಿಜವಾದ ಅಡ್ಡಿಯೆಂದರೆ ಮೊಣಕಾಲು. ಮತಂಗ ಪರ್ವತದ ಮೆಟ್ಟಿಲು ಹರೆಯದವರಿಗೆ ಮಾತ್ರ. ನೆರಳಿನ ಬೆಂಚು, ಚೊಕ್ಕಟವಾದ ಶೌಚಾಲಯ, ಕುಡಿಯುವ ನೀರು ಬೇಕಾದಲ್ಲಿ ಇರುವುದಿಲ್ಲ, ಇದ್ದಲ್ಲಿ ಬೀಗವಿರುತ್ತದೆ. ಎಪ್ಪತ್ತರ ಅತಿಥಿಯನ್ನು ಒಂದು ತಿಂಗಳಿಗೆ ಕರೆಯುವ ಮುನ್ನ ಇವನ್ನು ಸರಿಪಡಿಸದಿದ್ದರೆ ನಾವು ಕಲಿಸುವ ಮೊದಲ ಕನ್ನಡ ಪದ ‘ಅಯ್ಯೋ’ ಎಂಬುದಾದೀತು.

ಆ ಫ್ರೆಂಚ್ ಅತಿಥಿಯೊಡನೆ ಸಂಡೂರಿಗೆ ಹೋದದ್ದು ಎಂಟನೆಯ ದಿನ. 1949ರವರೆಗೆ ಘೋರ್ಪಡೆಯವರ ಸಂಸ್ಥಾನವಾಗಿದ್ದ ಆ ಊರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದರೆಂದು ಅಲ್ಲಿಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾವು ಹೋದದ್ದು ಮಾಘದಲ್ಲಾದ್ದರಿಂದ ಹಸುರಿಗಿಂತ ಅದಿರಿನ ಕೆಂಧೂಳಿಯೇ ಹೆಚ್ಚಾಗಿತ್ತು. ಕುಮಾರಸ್ವಾಮಿಯ ಬೆಟ್ಟದಿಂದ ಇಳಿದು, ಲಂಬಾಣಿ ಕಸೂತಿ ಹಾಕುವ ಹೆಂಗಸರು ಕುಳಿತಲ್ಲಿಗೆ ಹೋದೆವು. ಕನ್ನಡಿ ಚೂರುಗಳನ್ನು ಬಟ್ಟೆಗೆ ಹಿಡಿಸುತ್ತಿದ್ದ ಹಿರಿಯಾಕೆಯೊಬ್ಬಳು ಇವರ ತೊದಲು ಕನ್ನಡವನ್ನು ತಲೆಯೆತ್ತದೆ ಕೇಳಿ, ದಾರವನ್ನು ಹಲ್ಲಿನಿಂದ ಕಡಿದು, “ನಂಗೂ ಕನ್ನಡ ಆಮ್ಯಾಲೇ ಬಂದದ್ದವ್ವಾ. ಮದಲು ನಮ್ ಮಾತೇ” ಎಂದಳು. ನಾನು ಅದನ್ನು ಫ್ರೆಂಚಿನಲ್ಲಿ ತಿಳಿಸಿ ಹೇಳಿದಾಗ ಇವರು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. ಕನ್ನಡವನ್ನು ಹೊರಗಿನಿಂದ ಬಂದು ಕಲಿತ ಇಬ್ಬರು, ನಡುವೆ ಅದರೊಳಗೇ ಹುಟ್ಟಿದ ನಾನೊಬ್ಬ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು, ಮರಾಠಿಗಳನ್ನಾಡಿ ಪೇಟೆಯಲ್ಲಿ ಕನ್ನಡವಾಡುವ ಈ ಸೀಮೆಯಲ್ಲಿ ಎರಡನೆಯ ಭಾಷೆಯಾಗಿ ಕನ್ನಡವನ್ನು ಕಲಿತವರೇ ಎಷ್ಟು ಜನವೆಂಬುದನ್ನು ನಾನು ಮೇಷ್ಟರಾಗಿದ್ದಾಗಲೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ತುಲೂಸಿನ ಬೀದಿಗಳಲ್ಲಿ ಫ್ರೆಂಚ್ ಹೆಸರಿನ ಜೊತೆಗೆ ಅಲ್ಲಿಯ ಹಳೆಯ ಆಕ್ಸಿಟಾನ್ ಭಾಷೆಯ ಹೆಸರನ್ನೂ ಬರೆದಿರುತ್ತಾರೆ. ಆ ಲಂಬಾಣಿ ಅಜ್ಜಿಯ ಮಾತಿಗೆ ಸಂಡೂರಿನ ಯಾವ ಬೀದಿಯಲ್ಲಿ ಫಲಕವಿದೆಯೆಂದು ಅವರು ಕೇಳಲಿಲ್ಲ. ಕೇಳದೆ ಇದ್ದುದು ಅವರ ದೊಡ್ಡತನ.

ಕಡೆಯ ದಿನ ಕಂಪ್ಲಿಗೆ ಹೊರಟೆವು. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ, ನಮ್ಮ ಬಸ್ಸನ್ನು ತಾನೇ ಗುರುತಿಸುತ್ತೇನೆಂದು ಅವರು ಮುಂದೆ ನಡೆದರು. ಬಸ್ಸುಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತ, ತಿರುಗುತ್ತ, ಹೊಗೆಯುಗುಳುತ್ತ ಇದ್ದುವು. ಕಡಲೆಕಾಯಿಯವನು, ಮೂಟೆ ಹೊತ್ತವರು, ಹೆಗಲಿಗೆ ಟವಲು ಹಾಕಿದ ರೈತರು ಅವರನ್ನು ಸುತ್ತುವರಿದು ನಿಂತಿದ್ದರು. ಫಲಕದ ಅಕ್ಷರಗಳನ್ನು ಅವರು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತ ಓದಿದರು. ಒತ್ತಕ್ಷರದ ಪಾಠ ಇನ್ನೂ ಆಗಿರಲಿಲ್ಲ. ಪಕಾರಕ್ಕೆ ಗುಡಿಸನ್ನು ಕಂಡು ‘ಪಿ’ ಎಂದರು, ಅದರ ಕೆಳಗಿನ ಒತ್ತನ್ನು ಕಂಡು ‘ಲ’ ಎಂದರು, ಕೂಡಿಸಿ, ಗಟ್ಟಿಯಾಗಿ, ನಿಲ್ದಾಣಕ್ಕೆಲ್ಲ ಕೇಳುವಂತೆ, “ಕಂಪಿಲ!” ಎಂದರು.

ಸುತ್ತಲಿದ್ದವರು ನಕ್ಕರು. ಕಂಡಕ್ಟರು ಬಾಗಿಲಲ್ಲಿ ನಿಂತು, “ಕಂಪಿಲ ಅಲ್ರೀ ಅಮ್ಮಾರ, ಕಂಪ್ಲಿ, ಕಂಪ್ಲಿ! ಹತ್ರಿ ಲಗೂನ” ಎಂದು ತಿದ್ದಿದ. 1327ರಲ್ಲಿ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಅಳಿದ ರಾಜ್ಯದ ಹೆಸರು, ಶರಣು ಬಂದವನನ್ನು ಬಿಟ್ಟುಕೊಡದೆ ಮಡಿದ ರಾಜನ ಹೆಸರು, ಇಬ್ನ್ ಬತೂತನೆಂಬ ಯಾತ್ರಿಕ ಕೇಳಿ ಬರೆದಿಟ್ಟ ಹೆಸರು, ಕುಮಾರರಾಮನ ತಂದೆಯ ಹೆಸರು ಅದೇ ಎಂದು ಆ ಗದ್ದಲದಲ್ಲಿ ಯಾರಿಗೆ ಹೇಳಲಿ? ಅವರು ನನ್ನ ಮುಖ ನೋಡಿ, ತಪ್ಪಾಯಿತೆ ಎಂದು ಫ್ರೆಂಚಿನಲ್ಲಿ ಕೇಳಿದರು. ಸೀಟು ಹಿಡಿಯುವ ಅವಸರದಲ್ಲಿ ನಾನು ಉತ್ತರವನ್ನು ಕಂಪ್ಲಿಯ ಕೋಟೆಗೆ ಮುಂದೂಡಿದೆ.